ಬೂನ್ ಜೊತೆ ಬಂದ ಮೂಲಪುರುಷ: ಮನೆಯ ಕಥೆ ಎಷ್ಟು, ದಾಖಲೆ ಎಷ್ಟು?

ಓದುಗರ ಪ್ರಶ್ನೆ:

"ನಾನು ದಾವಣಗೆರೆಯವಳು. ಮದುವೆಯಾಗಿ 11 ವರ್ಷದಿಂದ ಅಮೆರಿಕದ ಕೆಂಟಕಿಯಲ್ಲಿದ್ದೇನೆ. ಯಜಮಾನರು ಇಲ್ಲಿಯವರೇ. ಮಾವನವರಿಗೆ 82 ವರ್ಷ. ಅವರ ಮನೆತನದ ಮೂಲಪುರುಷ 1775ರಲ್ಲಿ, ಕೆಂಟಕಿಗೆ ದಾರಿ ಮಾಡಿದ ಡೇನಿಯಲ್ ಬೂನ್ ಜೊತೆ ಬೆಟ್ಟ ದಾಟಿ ಬಂದವನಂತೆ, ಐರ್ಲೆಂಡಿನಿಂದ ಹೊರಟ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನಂತೆ, ಅವನ ಹೆಂಡತಿ ಚೆರೋಕಿ ಅನ್ನುವ ಮೂಲನಿವಾಸಿ ಬುಡಕಟ್ಟಿನ ರಾಜಕುಮಾರಿಯಂತೆ. ಇದನ್ನೆಲ್ಲ ಮಕ್ಕಳಿಗೆ ಬರೆದಿಡೋಣ ಅಂತ ಕೂತೆ. ಆನ್‌ಲೈನ್‌ನಲ್ಲಿ ಅವನ ಹೆಸರಿನ ವಂಶವೃಕ್ಷಗಳು ನೂರಾರು ಸಿಕ್ಕವು, ಕೆಲವು ಇಂಗ್ಲೆಂಡಿನ ಯಾವುದೋ ಪ್ರಭುವಿನವರೆಗೂ ಹೋಗುತ್ತವೆ. ನಾನೇ ಹುಡುಕಿದರೆ ಮಾತ್ರ 1850ಕ್ಕಿಂತ ಹಿಂದಕ್ಕೆ ಏನೂ ಕೂಡಿ ಬರುತ್ತಿಲ್ಲ. ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಅದೇ ಹೆಸರಿನ ಇಬ್ಬರು ಕಾಣುತ್ತಾರೆ. ಯಜಮಾನರ ಡಿಎನ್ಎ ಪರೀಕ್ಷೆಯಲ್ಲಿ ಮೂಲನಿವಾಸಿಗಳ ಅಂಶ ಸೊನ್ನೆ ಬಂತು. ಇನ್ನೂ ಒಂದು ವಿಷಯ. 1820ರ ಸುಮಾರಿನ ಆಸ್ತಿ ಪಟ್ಟಿಯೊಂದರಲ್ಲಿ ಕುದುರೆ, ನೇಗಿಲುಗಳ ನಡುವೆ ಆರು ಜನರ ಹೆಸರು ಬರೆದು ಎದುರಿಗೆ ಬೆಲೆ ಹಾಕಿದ್ದಾರೆ. ನೋಡಿ ಕೈ ನಡುಗಿತು. ಮಾವನವರಿಗೆ ಏನು ಹೇಳಲಿ? ಹೊರಗಿನಿಂದ ಬಂದ ಸೊಸೆ ಅವರ ಮನೆಯ ಕಥೆಯನ್ನೇ ಸುಳ್ಳು ಅಂದ ಹಾಗೆ ಆಗುವುದಿಲ್ಲವೇ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಮಾವನವರ ಕಥೆ ಸುಳ್ಳಾಗಿಬಿಟ್ಟರೆ ಅನ್ನುವುದು ನಿಮ್ಮ ಭಯ. ವಂಶಾವಳಿ ಹುಡುಕುವ ಈ ಕೆಲಸದಲ್ಲಿ 20 ವರ್ಷ ಕಳೆದಿದ್ದೇನೆ, ಪೂರ್ತಿ ಸುಳ್ಳಾದ ಮನೆಯ ಕಥೆ ನಾನು ನೋಡಿದ್ದು ತುಂಬಾ ಕಡಿಮೆ. ಪೂರ್ತಿ ನಿಜವಾದದ್ದು ಒಂದೂ ನೋಡಿಲ್ಲ. ಹೇಳುತ್ತಾ ಹೇಳುತ್ತಾ ವರ್ಷ ಜಾರುತ್ತದೆ, ಇಬ್ಬರು ಅಜ್ಜಂದಿರು ಒಬ್ಬರಾಗುತ್ತಾರೆ, ಪಕ್ಕದ ಮನೆಯವರ ಸಾಹಸ ನಮ್ಮ ಮನೆಗೆ ಬಂದು ಕೂರುತ್ತದೆ.

ಅಬ್ರಹಾಂ ಲಿಂಕನ್ ಉದಾಹರಣೆ ಕೊಡುತ್ತೇನೆ, ಯಾಕಂದ್ರೆ ಅದು ನಿಮ್ಮ ಊರಿನ ಕಡೆಯದೇ. ಅವರು 1859ರಲ್ಲಿ ತಮ್ಮ ಬಗ್ಗೆ ಒಂದು ಸಣ್ಣ ಬರಹ ಬರೆದುಕೊಟ್ಟರು. ತಮ್ಮ ಅಜ್ಜ, ಅವರ ಹೆಸರೂ ಅಬ್ರಹಾಂ ಲಿಂಕನ್, ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ 1781 ಅಥವಾ 82ರಲ್ಲಿ ಕೆಂಟಕಿಗೆ ಬಂದರು, ಒಂದೆರಡು ವರ್ಷಕ್ಕೆ ಕಾಡು ಕಡಿದು ಹೊಲ ಮಾಡುವಾಗ ಮೂಲನಿವಾಸಿಗಳ ಕೈಲಿ ಸತ್ತರು, ಆಗ ನನ್ನ ತಂದೆಗೆ ಆರು ವರ್ಷ ಅಂತ ಅದರಲ್ಲಿದೆ. ದಾಖಲೆ ನೋಡಿದರೆ ಅಜ್ಜ ಸತ್ತದ್ದು 1786ರಲ್ಲಿ. ತಂದೆ ಥಾಮಸ್ ಹುಟ್ಟಿದ್ದು 1778ರ ಜನವರಿಯಲ್ಲಿ, ಅಂದರೆ ಆರಲ್ಲ, ಎಂಟು. ಕಥೆಯ ತಿರುಳು ಸರಿ, ಲೆಕ್ಕ ತಪ್ಪು. ಅದೇ ಬರಹದಲ್ಲಿ ಅವರು ಇನ್ನೊಂದು ಮಾತು ಬರೆದಿದ್ದಾರೆ. ತಮ್ಮ ಮನೆತನವನ್ನು ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಲಿಂಕನ್‌ಗಳ ಜೊತೆ ಸೇರಿಸುವ ಪ್ರಯತ್ನ ನಡೆಯಿತು, ಎರಡೂ ಕಡೆ ಮೊರ್ಡಕೈ, ಅಬ್ರಹಾಂ, ಸಾಲೊಮನ್ ತರಹದ ಹೆಸರುಗಳಿವೆ ಅನ್ನುವುದು ಬಿಟ್ಟರೆ ಏನೂ ಗಟ್ಟಿಯಾಗಲಿಲ್ಲ ಅಂತ. ಆ ಕೊಂಡಿಯನ್ನು ಮುಂದೆ ಸಂಶೋಧಕರು ಕೂಡಿಸಿದರು. 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದ ಸ್ಯಾಮ್ಯುಯಲ್ ಲಿಂಕನ್‌ವರೆಗೆ ದಾರಿ ಹೋಯಿತು. ಹೆಸರು ಹೋಲುತ್ತದೆ ಅಂತ ಲಿಂಕನ್ ಅಂಟಿಸಿಕೊಳ್ಳಲಿಲ್ಲ ನೋಡಿ. ನೀವು ನೋಡಿದ ಆ ನೂರಾರು ಮರಗಳಲ್ಲಿ ಬಹುಪಾಲು ಈ ತಾಳ್ಮೆ ಇಲ್ಲದವು.

ಈಗ ಬೂನ್ ವಿಷಯ. 1775ರ ಮಾರ್ಚ್‌ನಲ್ಲಿ ಬೂನ್ ಸುಮಾರು 30 ಜನರನ್ನು ಕರೆದುಕೊಂಡು, ಕೊಡಲಿ ಹಿಡಿದು, ಕಂಬರ್ಲೆಂಡ್ ಗ್ಯಾಪ್ ಕಣಿವೆಯ ಮೂಲಕ ಕೆಂಟಕಿ ನದಿಯವರೆಗೆ ದಾರಿ ಕಡಿಸಿದ. ಅಲ್ಲಿ ಎದ್ದದ್ದೇ ಬೂನ್ಸ್‌ಬರೋ. 30 ಜನ, ಅಷ್ಟೇ. ಆಮೇಲೆ ಅದೇ ದಾರಿಯಲ್ಲಿ ಜನ ಹರಿದು ಬಂದರು. 1790ರ ಎಣಿಕೆಯಲ್ಲಿ ಕೆಂಟಕಿಯಲ್ಲಿ 73,677 ಜನ, 1800ರಲ್ಲಿ 2,20,955. ಬೂನ್ ಮಾಡಿದ ದಾರಿಯಲ್ಲಿ ಬಂದವರು ಅನ್ನುವುದು ಎರಡು ತಲೆಮಾರು ಕಳೆಯುವಷ್ಟರಲ್ಲಿ ಬೂನ್ ಜೊತೆ ಬಂದವರು ಅಂತ ಆಗಿಬಿಡುತ್ತದೆ. ಯಾರೂ ಬೇಕಂತ ಸುಳ್ಳು ಹೇಳಿಲ್ಲ.

ಇದನ್ನು ಪರೀಕ್ಷೆ ಮಾಡಲು ಒಂದು ಒಳ್ಳೆಯ ದಾರಿ ಇದೆ. ಆಗ ಕೆಂಟಕಿ ವರ್ಜೀನಿಯಾಕ್ಕೆ ಸೇರಿತ್ತು. 1779ರಲ್ಲಿ ವರ್ಜೀನಿಯಾ ಒಂದು ಭೂ ಕಾನೂನು ಮಾಡಿತು. 1778ಕ್ಕಿಂತ ಮೊದಲೇ ಬಂದು ನೆಲೆಸಿದವರಿಗೆ 400 ಎಕರೆ, ಪಕ್ಕದ 1000 ಎಕರೆಯನ್ನು ಬೇರೆಯವರಿಗಿಂತ ಮೊದಲು ಕೊಳ್ಳುವ ಹಕ್ಕು. ಇದನ್ನು ತೀರ್ಮಾನಿಸಲು ಅಧಿಕಾರಿಗಳು 1779-80ರಲ್ಲಿ ಕೋಟೆಯಿಂದ ಕೋಟೆಗೆ ಹೋಗಿ ಅಹವಾಲು ಕೇಳಿದರು, ಯಾರು ಯಾವ ವರ್ಷ ಎಲ್ಲಿ ಮೆಕ್ಕೆಜೋಳ ಬೆಳೆದರು ಅಂತ ಬರೆದುಕೊಂಡು ಪ್ರಮಾಣಪತ್ರ ಕೊಟ್ಟರು. 1775ರಲ್ಲೇ ಬಂದವನು 400 ಎಕರೆ ಸುಮ್ನೆ ಬಿಡುತ್ತಾನಾ? ಕೆಂಟಕಿಯ ಭೂ ಕಚೇರಿಯ ಜಾಲತಾಣದಲ್ಲಿ ಹಳೆಯ ಹಕ್ಕುಪತ್ರಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಮೊದಲು ಅಲ್ಲಿ ನೋಡಿ. ಸಿಗದಿದ್ದರೆ ಕಥೆ ಮುಗಿಯಿತು ಅಂತಲೂ ಅಲ್ಲ. ಎಷ್ಟೋ ಜನ ಹಕ್ಕನ್ನು ಕುದುರೆಗೋ ಬಂದೂಕಿಗೋ ಮಾರಿಕೊಂಡರು, ಆಗ ಪತ್ರ ಕೊಂಡವನ ಹೆಸರಿನಲ್ಲಿರುತ್ತದೆ, ಮೂಲದವನ ಹೆಸರು ಒಳಗೆ ಒಂದು ಸಾಲಿನಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಹೊರಗಿನ ಸೂಚಿ ನೋಡಿ ನಿಲ್ಲಿಸಬೇಡಿ, ಒಳಗೆ ಓದಿ.

ಹೆಸರಿನ ಕಾಗುಣಿತವನ್ನೂ ನಂಬಬೇಡಿ. ಲಿಂಕನ್ ಅಜ್ಜನ 1780ರ ಜಮೀನು ಪತ್ರದಲ್ಲಿ ಅವರ ಹೆಸರು ಲಿಂಕ್‌ಹಾರ್ನ್ ಅಂತಿದೆ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ. ಇನ್ನು ಕೆಲವರು 'ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ನಮ್ಮ ಹೆಸರು ಬದಲಾಯಿಸಿದರು' ಅನ್ನುತ್ತಾರೆ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ನಿಮ್ಮವರು ಬಂದು ಆಗಲೇ ನೂರು ವರ್ಷ ದಾಟಿತ್ತು. ಮೂವರು ಅಣ್ಣತಮ್ಮಂದಿರ ಕಥೆ ಅಮೆರಿಕದ ಮನೆ ಮನೆಯಲ್ಲೂ ಇದೆ. ಒಂದೇ ಅಡ್ಡಹೆಸರಿನ ಮೂರು ಕುಟುಂಬಗಳು ಹತ್ತಿರ ಹತ್ತಿರ ಕಂಡರೆ ಅದಕ್ಕೊಂದು ಕಾರಣ ಬೇಕಲ್ಲ, ಹಾಗೆ ಹುಟ್ಟಿದ ಕಥೆ ಅದು. ಐರ್ಲೆಂಡ್ ಮಾತ್ರ ನಿಜ ಇರಬಹುದು. ಉತ್ತರ ಐರ್ಲೆಂಡಿನ ಅಲ್‌ಸ್ಟರ್ ಕಡೆಯಿಂದ ಫಿಲಡೆಲ್ಫಿಯಾಕ್ಕೆ ಬಂದು, ಶೆನಂಡೋವ ಕಣಿವೆಯ ದೊಡ್ಡ ಗಾಡಿದಾರಿ ಹಿಡಿದು ವರ್ಜೀನಿಯಾ, ಕರೊಲೈನಾಗಳಿಗೆ ಇಳಿದು, ಅಲ್ಲಿಂದ ಕೆಂಟಕಿಗೆ ಹೋದವರು ಬಹಳ. ಬೂನ್ ಮನೆಯವರೂ ಲಿಂಕನ್ ಮನೆಯವರೂ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ದಕ್ಷಿಣಕ್ಕೆ ಇಳಿದು ಬಂದವರೇ.

ಚೆರೋಕಿ ರಾಜಕುಮಾರಿ ವಿಷಯ ಸ್ವಲ್ಪ ನಾಜೂಕು. ಚೆರೋಕಿಗಳಲ್ಲಿ ಯುರೋಪಿನ ತರಹದ ರಾಜಮನೆತನ ಇರಲಿಲ್ಲ, ಹಾಗಾಗಿ ರಾಜಕುಮಾರಿಯೂ ಇರಲಿಲ್ಲ. ಅವರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ನಿಜವಾಗಿ ಚೆರೋಕಿ ತಾಯಿ ಇದ್ದಿದ್ದರೆ ಅವಳ ಮಕ್ಕಳನ್ನು ಅವಳ ಕುಲದವರು ತಮ್ಮವರು ಅಂತಲೇ ಕಾಣುತ್ತಿದ್ದರು. 1906ರಿಂದ 1909ರ ನಡುವೆ ಪೂರ್ವ ಚೆರೋಕಿಗಳಿಗೆ ಸರ್ಕಾರ ಕೊಡಬೇಕಾದ ಪರಿಹಾರಕ್ಕೆ ಸುಮಾರು 90,000 ಜನರ ಪರವಾಗಿ ಅರ್ಜಿ ಬಂದವು. ಗಯಾನ್ ಮಿಲ್ಲರ್ ಅನ್ನುವ ಅಧಿಕಾರಿ ಅವುಗಳನ್ನು ಪರಿಶೀಲಿಸಿ ಸುಮಾರು 30,000 ಜನರನ್ನಷ್ಟೇ ಪಟ್ಟಿಗೆ ಸೇರಿಸಿದರು. ಆಗಲೇ ಆ ಕಥೆ ಅಷ್ಟು ಹಬ್ಬಿತ್ತು. ಆದರೆ ಆ ಅರ್ಜಿಗಳನ್ನು ಓದಿ, ತಿರಸ್ಕಾರ ಆದವನ್ನೂ ಓದಿ. ಅರ್ಜಿದಾರರು ತಂದೆ, ತಾಯಿ, ಅಜ್ಜ, ಅಜ್ಜಿ, ಅವರು ಇದ್ದ ಊರು ಎಲ್ಲ ಬರೆದಿದ್ದಾರೆ. ನಿಮ್ಮ ಯಜಮಾನರ ದೂರದ ನೆಂಟರು ಯಾರಾದರೂ ಅದರಲ್ಲಿ ಇರಬಹುದು.

ಡಿಎನ್ಎ ಸೊನ್ನೆ ಬಂದದ್ದರಿಂದ ಏನೂ ತೀರ್ಮಾನ ಆಗುವುದಿಲ್ಲ. ಲೆಕ್ಕ ಹಾಕಿ. ಪ್ರತಿ ತಲೆಮಾರಿಗೂ ಅರ್ಧ. ಆ ಮುತ್ತಜ್ಜಿ ನಿಮ್ಮ ಯಜಮಾನರಿಂದ ಏಳು ತಲೆಮಾರು ಮೇಲಿದ್ದರೆ ಅವಳ ಪಾಲು 128ರಲ್ಲಿ ಒಂದು, ಶೇಕಡಾ 0.8ರಷ್ಟು. ಅದೂ ಸರಾಸರಿ. ನಿಜದಲ್ಲಿ ಇನ್ನೂ ಕಡಿಮೆ ಬರಬಹುದು, ಅಷ್ಟು ಸಣ್ಣ ತುಣುಕನ್ನು ಪರೀಕ್ಷೆ ಗುರುತಿಸದೆಯೂ ಇರಬಹುದು. ಪರೀಕ್ಷೆ ಮಾಡಿಸುವುದೇ ಆದರೆ ಮಾವನವರದ್ದು ಮಾಡಿಸಬೇಕಿತ್ತು, ಅವರು ಒಂದು ತಲೆಮಾರು ಹತ್ತಿರ. ಅದಕ್ಕಿಂತ ಉಪಯೋಗದ್ದು ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಡಿಎನ್ಎ. ಅದೇ ಅಡ್ಡಹೆಸರಿನ ಬೇರೆ ಕುಟುಂಬದ ಗಂಡಸರ ಜೊತೆ ಹೋಲಿಸಿದರೆ ಇಬ್ಬರಿಗೂ ಒಬ್ಬನೇ ಮೂಲಪುರುಷನೇ, ಅಲ್ಲವೇ ಅಂತ ತಿಳಿಯುತ್ತದೆ. ಅಪಾಯವನ್ನೂ ಹೇಳಿಬಿಡುತ್ತೇನೆ. ಯಾವುದೋ ತಲೆಮಾರಿನಲ್ಲಿ ಮುಚ್ಚಿಟ್ಟ ದತ್ತು, ಮದುವೆಯಾಚೆಯ ಮಗು ಹೊರಗೆ ಬಂದುಬಿಡುತ್ತದೆ. 2023ರಲ್ಲಿ ಒಂದು ದೊಡ್ಡ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, ಅದನ್ನೂ ನೆನಪಿಡಿ. 82ರ ಹಿರಿಯರಿಗೆ ಇಷ್ಟೆಲ್ಲ ಬಿಡಿಸಿ ಹೇಳಿ, ಅವರು ಮನಸಾರೆ ಒಪ್ಪಿದರೆ ಮಾತ್ರ.

1850ರ ಗೋಡೆಗೆ ಬರೋಣ. ಎಲ್ಲರೂ ಅಲ್ಲೇ ಡಿಕ್ಕಿ ಹೊಡೆಯುತ್ತಾರೆ, ನಿಮ್ಮ ಹುಡುಕಾಟದಲ್ಲಿ ತಪ್ಪಿಲ್ಲ. ಅಮೆರಿಕದ ಜನಗಣತಿ 1790ರಿಂದ 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ ಬರೆದುಕೊಂಡಿತು, ಉಳಿದವರು ಬರೀ ಸಂಖ್ಯೆ. ಮನೆಯಲ್ಲಿದ್ದ ಸ್ವತಂತ್ರ ಜನರೆಲ್ಲರ ಹೆಸರು ಬಂದದ್ದು 1850ರಲ್ಲಿ, ಯಾರು ಯಾರಿಗೆ ಏನಾಗಬೇಕು ಅನ್ನುವುದು 1880ರಲ್ಲಿ. ಅದರ ಮೇಲೆ ಕೆಂಟಕಿಯ 1790 ಮತ್ತು 1800ರ ಹೆಸರಿನ ಪಟ್ಟಿಗಳೇ ಕಳೆದುಹೋಗಿವೆ. ಹುಟ್ಟು ಸಾವಿನ ನೋಂದಣಿ ರಾಜ್ಯದ ತುಂಬ ಸರಿಯಾಗಿ ಶುರುವಾದದ್ದು 1911ರಲ್ಲಿ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆ ಮುಂದೆ ಕೂತು ಹತ್ತು ತಲೆಮಾರು ಹೇಳುತ್ತಾರಲ್ಲ, ಗಡಿನಾಡಿನ ಈ ಜನರಿಗೆ ಅಂಥವರೂ ಇರಲಿಲ್ಲ.

ಇನ್ನೊಂದು ಕಾರಣ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಮನುಷ್ಯ ಅಲ್ಲೇ ಇದ್ದ, ಕೌಂಟಿ ಬದಲಾಯಿತು. ಕೆಂಟಕಿ ಮೊದಲು ವರ್ಜೀನಿಯಾದ ಫಿನ್‌ಕ್ಯಾಸಲ್ ಕೌಂಟಿಯ ಭಾಗ. 1776ರ ಕೊನೆಗೆ ಕೆಂಟಕಿಯೇ ಒಂದು ಕೌಂಟಿಯಾಯಿತು. 1780ರಲ್ಲಿ ಮೂರಾಯಿತು, ಫಯೆಟ್, ಜೆಫರ್ಸನ್, ಲಿಂಕನ್. 1792ರ ಜೂನ್ 1ಕ್ಕೆ ಬೇರೆ ರಾಜ್ಯವಾಗುವಾಗ ಒಂಬತ್ತು. ಈಗ 120. ಒಬ್ಬ ಒಂದೇ ಮರದ ಮನೆಯಲ್ಲಿ 30 ವರ್ಷ ಕೂತಿದ್ದರೂ ಅವನ ಕಾಗದಗಳು ಮೂರು ನಾಲ್ಕು ಊರಿನ ಕೋರ್ಟಿನಲ್ಲಿ ಹಂಚಿಹೋಗಿರುತ್ತವೆ, 1792ಕ್ಕಿಂತ ಮೊದಲಿನದು ವರ್ಜೀನಿಯಾದ ರಿಚ್ಮಂಡ್‌ನಲ್ಲಿಯೂ ಇರಬಹುದು. ನೀವು ಈಗಿನ ಕೌಂಟಿಯಲ್ಲಿ ಮಾತ್ರ ಹುಡುಕುತ್ತಿದ್ದೀರಿ ಅಂತ ನನ್ನ ಅನುಮಾನ. ಬೆಂಕಿಯೂ ಇದೆ. ಫಯೆಟ್ ಕೌಂಟಿಯ ಕಾಗದಗಳು 1803ರಲ್ಲಿ ಸುಟ್ಟವು. ಅಂತರ್ಯುದ್ಧದ ಕೊನೆಯ ಚಳಿಗಾಲದಲ್ಲಿ ಹಲವು ಕೋರ್ಟ್‌ಹೌಸ್‌ಗಳಿಗೆ ಬೆಂಕಿ ಬಿತ್ತು.

ಹಾಗಾದರೆ ಆ ಇಬ್ಬರನ್ನು ಬೇರೆ ಮಾಡುವುದು ಹೇಗೆ? ನಿಮ್ಮ ಕೆಲಸದ ಹೃದಯ ಇದೇ. ನಾನು ಹೆಸರನ್ನು ಬಿಟ್ಟು ಜಮೀನನ್ನು ಹಿಡಿಯುತ್ತೇನೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಇರುತ್ತದಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ, ಅಲ್ಲಿಯೂ ಹಾಗೇ. ಹಳ್ಳದ ದಂಡೆಯ ಎರಡು ಬಿಳಿ ಓಕ್ ಮರದಿಂದ ಇಷ್ಟು ಪೋಲ್ ದೂರ ಇಂಥವನ ಬೇಲಿಯವರೆಗೆ ಅಂತ ಬರೆಯುತ್ತಿದ್ದರು. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ಇಬ್ಬರೂ ಒಂದೇ ಹಳ್ಳದ ಮೇಲೆ ಇರುವ ಸಾಧ್ಯತೆ ಕಡಿಮೆ. ಹಳ್ಳದ ಹೆಸರು ಸಿಕ್ಕರೆ ನೆರೆಯವರು ಸಿಗುತ್ತಾರೆ, ಆ ನೆರೆಯವರಲ್ಲೇ ಅಣ್ಣ, ಭಾವ, ಮಾವ ಇರುತ್ತಾರೆ. ಯಾರೂ ಒಬ್ಬರೇ ಬೆಟ್ಟ ದಾಟಲಿಲ್ಲ, ಹತ್ತು ಮನೆ ಕೂಡಿ ಬಂದವು. ಆ ನೆರೆಯವರು ವರ್ಜೀನಿಯಾದ ಯಾವ ಕೌಂಟಿಯಿಂದ ಬಂದರು ಅಂತ ಗೊತ್ತಾದರೆ ನಿಮ್ಮವನೂ ಅಲ್ಲಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ.

ಆಮೇಲೆ ತೆರಿಗೆ ಪಟ್ಟಿ. ಕೆಂಟಕಿಯಲ್ಲಿ 1787ರಿಂದ ಬಹಳಷ್ಟು ಕೌಂಟಿಗಳಿಗೆ ಉಳಿದಿವೆ. ಒಂದು ವರ್ಷದ್ದು ನೋಡಿದರೆ ಏನೂ ಇಲ್ಲ, 20 ವರ್ಷದ್ದು ಸಾಲಾಗಿ ಬರೆದುಕೊಂಡರೆ ಸಿನಿಮಾ ನೋಡಿದ ಹಾಗೆ. ಯಾರಿಗೆ ಎಷ್ಟು ಎಕರೆ, ಯಾವ ಹಳ್ಳ, ಎಷ್ಟು ಕುದುರೆ. ಮಗನ ಹೆಸರು ಹೊಸದಾಗಿ ಕಂಡರೆ ಅವನಿಗೆ 21 ತುಂಬಿರಬೇಕು. ಒಂದು ವರ್ಷ ಗಂಡನ ಹೆಸರು ಹೋಗಿ ಹೆಂಡತಿಯ ಹೆಸರು ಬಂದರೆ ಅವನು ತೀರಿಹೋಗಿದ್ದಾನೆ. ಒಂದು ಕುಟುಂಬಕ್ಕಾಗಿ ನಾನು ಎಂಟು ತಿಂಗಳು ಕೆಲಸ ಮಾಡಿದ್ದೆ. ಉಯಿಲು, ಮದುವೆ, ಜಮೀನು ಎಲ್ಲ ಒಬ್ಬನದ್ದೇ ಅಂದುಕೊಂಡಿದ್ದೆ. ಕೊನೆಗೆ ತೆರಿಗೆ ಪಟ್ಟಿ ಸಾಲಾಗಿ ಇಟ್ಟಾಗ, ಒಬ್ಬನ ವಿಧವೆ 1799ರಲ್ಲೇ ತೆರಿಗೆ ಕಟ್ಟಿದ್ದಾಳೆ, ಇನ್ನೊಬ್ಬ 1811ರವರೆಗೂ ಕಟ್ಟುತ್ತಿದ್ದಾನೆ. ಆ ಮನೆಯವರಿಗೆ ಫೋನ್ ಮಾಡಿ ಅರ್ಧ ಕೆಲಸ ತಪ್ಪಾಗಿದೆ ಅಂತ ಹೇಳಿದ ದಿನ ನನಗಿನ್ನೂ ನೆನಪಿದೆ. ಅಂದಿನಿಂದ ಮೊದಲು ತೆರಿಗೆ ಪಟ್ಟಿ, ಆಮೇಲೆ ಉಳಿದದ್ದು. ಸೀನಿಯರ್, ಜೂನಿಯರ್ ಅಂತ ಬರೆದಿದ್ದರೆ ತಂದೆ ಮಗ ಅಂದುಕೊಳ್ಳಬೇಡಿ, ಊರಿನಲ್ಲಿ ಅದೇ ಹೆಸರಿನ ದೊಡ್ಡವನು, ಚಿಕ್ಕವನು ಅಂತ ಅಷ್ಟೇ ಅರ್ಥ ಇರಬಹುದು.

ಎಲ್ಲಕ್ಕಿಂತ ನಾನು ಆಸೆಪಡುವ ಕಾಗದ ಒಂದಿದೆ. ಉಯಿಲು ಬರೆಯದೆ ಸತ್ತರೆ ಹಳೆಯ ಕಾನೂನಿನಲ್ಲಿ ಜಮೀನೆಲ್ಲ ಹಿರಿಮಗನಿಗೆ. ಲಿಂಕನ್ ಅಜ್ಜ 1786ರಲ್ಲಿ ಸತ್ತಾಗ ಹಾಗೇ ಆಯಿತು, ಹಿರಿಯ ಮೊರ್ಡಕೈಗೆ ಜಮೀನು, ಕಿರಿಯ ಥಾಮಸ್ ಬರಿಗೈ. ವರ್ಜೀನಿಯಾ ಅದನ್ನು ಬದಲಾಯಿಸಿ 1787ರಿಂದ ಎಲ್ಲ ಮಕ್ಕಳಿಗೂ ಪಾಲು ಅಂತ ಮಾಡಿತು. ಆಮೇಲೆ ಜಮೀನು ಮಾರಬೇಕಾದರೆ ಮಕ್ಕಳೆಲ್ಲ ಸಹಿ ಹಾಕಬೇಕು, ಹೆಣ್ಣುಮಕ್ಕಳ ಗಂಡಂದಿರೂ ಸೇರಿ. ಹೀಗೆ ವಾರಸುದಾರರೆಲ್ಲ ಸಹಿ ಹಾಕಿದ ಒಂದು ಕ್ರಯಪತ್ರ ಸಿಕ್ಕರೆ ಇಡೀ ಕುಟುಂಬ ಒಂದೇ ಹಾಳೆಯಲ್ಲಿ ಕೂತಿರುತ್ತದೆ. ತಂದೆ ಸತ್ತು 20, 30 ವರ್ಷದ ಮೇಲೂ ಇಂಥ ಪತ್ರ ಬರಬಹುದು, ಅದಕ್ಕೇ ಜನ ಅದನ್ನು ತಪ್ಪಿಸಿಕೊಳ್ಳುತ್ತಾರೆ. ಮದುವೆಯ ಜಾಮೀನು ಪತ್ರಗಳನ್ನೂ ನೋಡಿ, ಹುಡುಗನ ಜೊತೆ ಜಾಮೀನು ನಿಂತವನು ಹೆಚ್ಚಾಗಿ ಹುಡುಗಿಯ ಅಪ್ಪ ಅಥವಾ ಅಣ್ಣ. ಚೆರೋಕಿ ಅಜ್ಜಿಯ ತವರು ತಿಳಿಯುವುದು ಇಲ್ಲೇ.

ಅವನು ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದು 1832ರವರೆಗೆ ಬದುಕಿದ್ದರೆ ಪಿಂಚಣಿ ಕಡತ ಹುಡುಕಿ. ಆ ವರ್ಷದ ಕಾನೂನಿನಂತೆ ಮುದುಕರು ಕೋರ್ಟಿಗೆ ಬಂದು ಎಲ್ಲಿ ಹುಟ್ಟಿದೆ, ಯಾವಾಗ ಎಲ್ಲಿಗೆ ಬಂದೆ, ಯಾರ ಕೈಕೆಳಗೆ ಕಾದಾಡಿದೆ ಅಂತ ತಾವೇ ಹೇಳಿ ಬರೆಸಿದರು. ಮುಂದೆ ವಿಧವೆಯರು ಮದುವೆಗೆ ಸಾಕ್ಷಿಯಾಗಿ, ಹುಟ್ಟು ಮದುವೆ ಬರೆದಿಟ್ಟ ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಕೊಟ್ಟದ್ದೂ ಇದೆ. ಆ ಮುದುಕರ ಮಾತು ಓದುವಾಗ ಎದುರಿಗೆ ಕೂತು ಕೇಳಿದ ಹಾಗೆ ಅನಿಸುತ್ತದೆ. ಲೈಮನ್ ಡ್ರೇಪರ್ ಅನ್ನುವವರು 19ನೇ ಶತಮಾನದಲ್ಲಿ ಗಡಿನಾಡಿನ ಹಳಬರ ಮಾತು, ಪತ್ರ ಕೂಡಿಹಾಕಿದರು. ಅದು ವಿಸ್ಕಾನ್ಸಿನ್ ಇತಿಹಾಸ ಸಂಘದಲ್ಲಿದೆ.

ಮುಂದೇನು ಮಾಡಬಹುದು? ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಜಾಲತಾಣದಲ್ಲಿ ಖಾತೆ ಪುಕ್ಕಟೆ. ಕೈಬರಹದ ಕ್ರಯಪತ್ರಗಳ ಒಳಗಿನ ಪದಗಳನ್ನೂ ಈಗ ಅಲ್ಲಿ ಹುಡುಕಬಹುದು, ಹಳ್ಳದ ಹೆಸರು ಹಾಕಿ ನೋಡಿ. ಆದರೆ ಅಲ್ಲಿನ, ಎಲ್ಲರೂ ತಿದ್ದಬಹುದಾದ ಹಂಚಿಕೆಯ ವಂಶವೃಕ್ಷವನ್ನು ಈಗಲೇ ತಿದ್ದಬೇಡಿ, ಪುರಾವೆ ಕೈಯಲ್ಲಿ ಇಲ್ಲದೆ ತಿದ್ದಿದರೆ ನಾಳೆ ಇನ್ನೊಬ್ಬರು ಮತ್ತೆ ತಿದ್ದುತ್ತಾರೆ. ನಿಮ್ಮ ರಾಜ್ಯದ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿರುವ ಕೆಂಟಕಿ ಇತಿಹಾಸ ಸಂಘಕ್ಕೆ ಒಂದು ದಿನ ಹೋಗಿ ಬನ್ನಿ. ದುಡ್ಡು ಕೊಟ್ಟು ಮಾಡಿಸುವುದಾದರೆ ಇಡೀ ವಂಶ ಹುಡುಕಿಕೊಡಿ ಅನ್ನಬೇಡಿ, ಗಂಟೆಯ ಲೆಕ್ಕ ಎಲ್ಲೋ ಹೋಗುತ್ತದೆ. ಈ ಇಬ್ಬರಲ್ಲಿ ನಮ್ಮವನು ಯಾರು ಅನ್ನುವ ಒಂದೇ ಪ್ರಶ್ನೆ ಕೊಡಿ. ಕುಲಲಾಂಛನ, ಪ್ರಭುವಿನ ಮನೆತನ ಅಂತ ಮೊದಲೇ ಮಾತು ಕೊಡುವವರಿಂದ ದೂರ ಇರಿ.

ಆ ಆರು ಹೆಸರುಗಳು. ದಯವಿಟ್ಟು ಅವನ್ನು ಬಿಡಬೇಡಿ. 1850 ಮತ್ತು 1860ರ ಗಣತಿ ಗುಲಾಮರಾಗಿ ಇಟ್ಟುಕೊಂಡ ಜನರ ಹೆಸರನ್ನೇ ಬರೆಯಲಿಲ್ಲ, ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಅಷ್ಟೇ. ಅವರಲ್ಲಿ ಬಹುಪಾಲು ಜನರ ಹೆಸರು ಗಣತಿಯಲ್ಲಿ ಮೊದಲ ಸಲ ಬಂದದ್ದು 1870ರಲ್ಲಿ. ಅದಕ್ಕೂ ಹಿಂದೆ ತಮ್ಮವರನ್ನು ಹುಡುಕುವ ಕಪ್ಪು ಕುಟುಂಬಗಳಿಗೆ ನಿಮ್ಮ ಮುಂದಿರುವಂಥ ಆಸ್ತಿ ಪಟ್ಟಿಗಳೇ ಆಧಾರ. ನಿಮಗೆ 1850ರಲ್ಲಿ ಗೋಡೆ ಸಿಕ್ಕಿತು, ಅವರಿಗೆ ಅದಕ್ಕಿಂತ ಎತ್ತರದ ಗೋಡೆ. ಹೆಸರು, ಬರೆದ ವಯಸ್ಸು, ತಾಯಿ ಮಗು ಅಂತಿದ್ದರೆ ಅದು, ಪುಟದ ಸಂಖ್ಯೆ, ಎಲ್ಲ ಇದ್ದ ಹಾಗೇ ಬರೆದುಕೊಂಡು ಕೌಂಟಿಯ ಇತಿಹಾಸ ಸಂಘಕ್ಕೂ ಒಂದು ಪ್ರತಿ ಕೊಡಿ. ಮಕ್ಕಳಿಗೆ ಬರೆಯುವ ಪುಸ್ತಕದಲ್ಲೂ ಆ ಆರು ಹೆಸರು ಇರಲಿ.

ಮಾವನವರಿಗೆ ಈಗಲೇ ಏನನ್ನೂ ತೀರ್ಪು ಹೇಳುವ ಅಗತ್ಯ ಇಲ್ಲ. ಅವರ ಹತ್ತಿರ ಕೂತು ಕೇಳಿ. ಈ ಕಥೆಯನ್ನು ಅವರಿಗೆ ಯಾರು ಹೇಳಿದರು, ಅಜ್ಜಿಯೋ, ಅತ್ತೆಯೋ? ಆಗ ಅವರಿಗೆ ಎಷ್ಟು ವಯಸ್ಸು? ಹಳೆಯ ಹೊಲ ಯಾವ ಹಳ್ಳದ ಪಕ್ಕ ಇತ್ತು? ಸಮಾಧಿ ಎಲ್ಲಿದೆ? ಅವರ ದನಿಯನ್ನೇ ಫೋನಿನಲ್ಲಿ ಹಿಡಿದಿಡಿ, ಮಧ್ಯೆ ತಿದ್ದಬೇಡಿ. ಅದು ಅವರ ಮಾತು ಅಂತಲೇ ಪುಸ್ತಕದಲ್ಲಿ ಒಂದು ಕಡೆ ಇರಲಿ, ದಾಖಲೆ ಹೇಳಿದ್ದು ಇನ್ನೊಂದು ಕಡೆ. ಸೊಸೆ ನಮ್ಮ ಮನೆಯ ಕಥೆ ಕೇಳಲು ಕೂತಳು ಅಂತ ಅವರಿಗೆ ಖುಷಿಯೇ ಆಗುತ್ತದೆ, ನೋಡಿ ಬೇಕಾದರೆ.

ಹಳೆಯ ಬೈಬಲ್ ಮನೆಯಲ್ಲಿ ಇದೆಯೇ ಅಂತಲೂ ಕೇಳಿ. ಇದ್ದರೆ ಹುಟ್ಟು ಸಾವು ಬರೆದ ಹಾಳೆಗಿಂತ ಮೊದಲು, ಪುಸ್ತಕದ ಮೊದಲ ಹಾಳೆಯಲ್ಲಿ ಅದು ಯಾವ ವರ್ಷ ಅಚ್ಚಾಯಿತು ಅಂತ ನೋಡಿ ಫೋಟೋ ತೆಗೆಯಿರಿ. 1880ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1790ರ ಹುಟ್ಟುಗಳು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಇದ್ದರೆ ಅದು ಯಾರೋ ನೆನಪಿನಿಂದ ಒಂದೇ ದಿನ ಕೂತು ಬರೆದದ್ದು. ಶಾಯಿ, ಕೈಬರಹ ಬೇರೆ ಬೇರೆ ಇದ್ದರೆ ಆಗಾಗ ಬರೆದದ್ದು, ಅದಕ್ಕೆ ತೂಕ ಜಾಸ್ತಿ. ಆ ಎರಡು ಫೋಟೋ ಮತ್ತು 1787ರಿಂದ 1810ರವರೆಗಿನ ತೆರಿಗೆ ಪಟ್ಟಿಯ ಸಾಲುಗಳು ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ, ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡೋಣ.